ಗಿರಿಜತ್ತೆಯ ಸಂಕಷ್ಟದ ಕಪಾಟು

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಸಣ್ಣ ಉರಿಯ ಮೇಲೆ ಕುದಿಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿದರೆ ಒಂದು ವಾಸನೆ ಏಳುತ್ತದೆ. ಅರ್ಧ ಅಡುಗೆಮನೆಯದು, ಅರ್ಧ ಔಷಧಿ ಅಂಗಡಿಯದು. ಮೊನ್ನೆ ಮಗಳ ಹೊಸ ಪಠ್ಯಪುಸ್ತಕಗಳಿಗೆ ಬೈಂಡು ಹಾಕಲು ಕೂತಾಗ ಗಮ್ ಟೇಪು ಮುಗಿದುಹೋಗಿತ್ತು. ಅಂಗಡಿಗೆ ಹೋಗಲು ಸೋಮಾರಿತನ. ಅಂಟು ನಾನೇ ಕಾಯಿಸುತ್ತೇನೆಂದು ಒಲೆಯ ಮೇಲೆ ಪಾತ್ರೆ ಇಟ್ಟೆ. ತುತ್ತ ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು, ಆದರೂ ಮೂಗು ತಾನಾಗಿಯೇ ಅದನ್ನು ಸೇರಿಸಿಕೊಂಡಿತು. ಮಗಳು "ಏನಮ್ಮಾ ಇದು, ಗಬ್ಬು" ಎಂದು ಓಡಿದಳು. ನಾನು ಮಾತ್ರ ಸೊರಬದ ನನ್ನ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತವಳು ನಿಂತಂತೆಯೇ ಶಿಕಾರಿಪುರದ ಗಿರಿಜತ್ತೆಯ ಪಡಸಾಲೆಗೆ ಹೋಗಿ ಬಿದ್ದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಅದು ಹೇಳಿ ಕಳಿಸಿ ಬರುವುದಿಲ್ಲ. ಅಂಟು ತಳ ಹಿಡಿದದ್ದು ನನಗೆ ಗೊತ್ತಾದದ್ದು ಎಷ್ಟೋ ಹೊತ್ತಿನ ಮೇಲೆ.

ಗಿರಿಜತ್ತೆ ನಮ್ಮಪ್ಪನ ಅಕ್ಕ. ಶಿಕಾರಿಪುರದಲ್ಲಿ ಪ್ರೈಮರಿ ಶಾಲೆಯ ಟೀಚರು. ಮದುವೆಯಾಗಲಿಲ್ಲ, ಯಾಕೆಂದು ಕೇಳಿದವರಿಗೆಲ್ಲ "ಪುರುಸೊತ್ತಾಗ್ಲಿಲ್ಲ ಕಣ್ರೀ" ಎಂದು ಮುಖ ನೋಡದೆ ಉತ್ತರ ಕೊಡುತ್ತಿದ್ದಳು. ಕಷ್ಟದಲ್ಲಿರುವವರಿಗೆ ಬುದ್ಧಿ ಹೇಳಬಾರದು, ಪುಸ್ತಕ ಕೊಡಬೇಕು ಎನ್ನುವುದು ಅವಳ ಹಟ. ಎಲ್ಲೆಲ್ಲಿಂದಲೋ ತರಿಸಿದ, ಹಳೇ ಪುಸ್ತಕದವರ ಹತ್ತಿರ ಚೌಕಾಸಿ ಮಾಡಿ ತಂದ ಇನ್ನೂರು ಮುನ್ನೂರು ಪುಸ್ತಕಗಳು ಪಡಸಾಲೆಯ ನೀಲಿ ಕಪಾಟಿನಲ್ಲಿದ್ದವು. ಎಲ್ಲಕ್ಕೂ ಆ ಮೈದಾ ಅಂಟಿನಲ್ಲಿ ಕಾಕಿ ಕಾಗದದ ಹೊದಿಕೆ. ಬೆನ್ನಿನ ಮೇಲೆ ಪುಸ್ತಕದ ಹೆಸರಾಗಲಿ, ಬರೆದವರ ಹೆಸರಾಗಲಿ ಇಲ್ಲ. ಯಾವ ಕಷ್ಟಕ್ಕೆ ಆ ಪುಸ್ತಕವೋ ಆ ಕಷ್ಟದ ಹೆಸರು ಮಾತ್ರ, ಅವಳ ದುಂಡು ಅಕ್ಷರದಲ್ಲಿ. ಕೆಳಗಿನ ಎರಡು ಸಾಲು ಮಕ್ಕಳ ಕೈಗೆ ಸಿಗುವ ಹಾಗೆ: ಹಲ್ಲು ಬಿದ್ದಾಗ, ಹೊಸ ತಮ್ಮ ಹುಟ್ಟಿದಾಗ, ನಾಯಿ ಸತ್ತಾಗ, ನಪಾಸಾದಾಗ. ಮೇಲಿನ ಸಾಲುಗಳು ದೊಡ್ಡವರವು: ಬೆಂಕಿ ಬಿದ್ದಾಗ, ಹಾವು ಕಚ್ಚಿದಾಗ, ಕೆಲಸ ಹೋದಾಗ, ಗಂಡ ಕುಡಿಯುವಾಗ, ಹೆಂಡತಿ ಮಾತು ಬಿಟ್ಟಾಗ. ನೆರೆ ಬಂದಾಗ ಅಂತಲೂ ಒಂದಿತ್ತು. ನಮ್ಮತ್ತೆಯ ಓಣಿಗೆ ನೆರೆ ಬರುವ ಲಕ್ಷಣವೇ ಇರಲಿಲ್ಲವಾದ್ದರಿಂದ ಅದರ ಹಾಳೆಗಳು ಕೊನೆಯವರೆಗೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು.

ಕಪಾಟಿನ ನೆತ್ತಿಯ ಮೇಲೆ ಅತ್ತೆ "ಸಂಕಷ್ಟದ ಪುಸ್ತಕಗಳು" ಎಂದು ಬರೆಸಿದ್ದೇ ದೊಡ್ಡ ತಪ್ಪಾಯಿತು. ತಿಂಗಳಿಗೊಮ್ಮೆ ಚೌತಿಯ ದಿನ ಓಣಿಯ ಹೆಂಗಸರು ತಲೆಗೆ ಸ್ನಾನ ಮಾಡಿ, ಹೂ ಮುಡಿದು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಟೀಚರ್, ಸಂಕಷ್ಟಿ ಕತಿ ಪುಸ್ತಕ ಕೊಡ್ರಿ, ಚಂದ್ರ ಹುಟ್ಟೂದ್ರೊಳಗ ಓದಿ ಕೊಡ್ತೀವಿ." ಅತ್ತೆ ಮೊದಮೊದಲು ಇದು ಸಂಕಷ್ಟಿ ಅಲ್ಲ, ಸಂಕಷ್ಟ ಎಂದು ಬಿಡಿಸಿ ಹೇಳಿದಳು. ಆಮೇಲೆ ಬೇಜಾರಾಗಿ ಗಣಪತಿ ವ್ರತದ ಪುಸ್ತಕವನ್ನೂ ತಂದಿಟ್ಟು, ಅದರ ಬೆನ್ನಿಗೆ "ಉಪವಾಸ ಇದ್ದಾಗ" ಎಂದು ಬರೆದಳು. ಈಸೂರಿನ ಕಡೆಯ ಒಬ್ಬ ಯಜಮಾನರು ಬಂದು ಬದುವಿನ ತಕರಾರಿಗೆ ಏನಾದರೂ ಐತೇನ್ರಿ ಎಂದು ಕೇಳಿದಾಗ, ಅವಳು ಹುಡುಕಿ ಹುಡುಕಿ "ಅಣ್ಣತಮ್ಮಂದಿರು ಜಗಳಾಡಿದಾಗ" ಎಂಬ ಮಕ್ಕಳ ಪುಸ್ತಕ ಕೊಟ್ಟು ಕಳಿಸಿದ್ದಳು. ಎರಡು ಮೊಲಗಳು ಒಂದು ಗಜ್ಜರಿಗೆ ಹೊಡೆದಾಡುವ ಕತೆ. ಅವರು ಪಹಣಿಯ ಜೊತೆಗೇ ಅದನ್ನೂ ಚೀಲದಲ್ಲಿಟ್ಟುಕೊಂಡು ತಾಲ್ಲೂಕು ಕಚೇರಿಗೆ ಹೋದರೆಂದು ಸುದ್ದಿ.

ಇನ್ನೊಂದು ಪೇಚು ಅಂದರೆ, ಕಷ್ಟ ಬೆನ್ನಿನ ಮೇಲೇ ಬರೆದಿದ್ದರಿಂದ ಪುಸ್ತಕ ಹಿಡಿದು ಹೊರಬಿದ್ದವರ ಮನೆ ಗುಟ್ಟು ಓಣಿಯ ತುದಿ ಮುಟ್ಟುವುದರೊಳಗೆ ರಟ್ಟಾಗುತ್ತಿತ್ತು. ಹಾಗಾಗಿ ಯಾರೂ ತಮಗಾಗಿ ಪುಸ್ತಕ ಒಯ್ಯುತ್ತಲೇ ಇರಲಿಲ್ಲ. ಎದುರಿನ ಕಿರಾಣಿ ಅಂಗಡಿಯ ಬಸಣ್ಣ "ಹೆಂಡತಿ ಮಾತು ಬಿಟ್ಟಾಗ" ಪುಸ್ತಕವನ್ನು ಪೇಪರಿನಲ್ಲಿ ಸುತ್ತಿಕೊಂಡು, "ನನಗಲ್ರೀ ಟೀಚರ್, ನಮ್ಮ ತಮ್ಮಗ ಬೇಕಂತ" ಎಂದ. ಬಸಣ್ಣನಿಗೆ ತಮ್ಮ ಇರಲಿಲ್ಲ, ಐವರು ತಂಗಿಯರಿದ್ದರು. ಅತ್ತೆ ತುಟಿ ಕಚ್ಚಿಕೊಂಡು, "ತಮ್ಮಗೆ ಹೇಳಪ್ಪಾ, ಮೂವತ್ತನೇ ಪುಟ ಎರಡು ಸಲ ಓದ್ಲಿ ಅಂತ" ಎಂದಳು.

ಇಂಥ ಮನೆಗೆ ನಾನು ಬಂದಿಳಿದದ್ದು ಮೂರನೇ ಕ್ಲಾಸು ಮುಗಿದ ಬೇಸಿಗೆ ರಜೆಯಲ್ಲಿ. ಸೊರಬದಲ್ಲಿ ಅವ್ವನಿಗೆ ಹೊಟ್ಟೆನೋವು ಶುರುವಾಗಿ, ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಬೇಕಾಗಿ ಬಂತು. ಅಪ್ಪ ನನ್ನನ್ನು ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಕರೆತಂದು, ಎರಡು ದಿನ ಇರು ಎಂದು ಅತ್ತೆಯ ಮನೆಯಲ್ಲಿ ಬಿಟ್ಟು ಹೋದರು. ಎರಡು ದಿನ ಇಪ್ಪತ್ತು ದಿನವಾಯಿತು. ಅವ್ವ ಯಾವಾಗ ಬರ್ತಾಳೆ ಎಂದು ಕೇಳಿದರೆ ಎಲ್ಲರೂ ಒಂದೇ ರಾಗದಲ್ಲಿ "ಬರ್ತಾಳೆ, ಬರ್ತಾಳೆ" ಎನ್ನುತ್ತಿದ್ದರು. ಎರಡು ಸಲ ಹೇಳಿದ ಮಾತು ನಿಜವಲ್ಲ ಎನ್ನುವುದು ಮಕ್ಕಳಿಗೆ ಚೆನ್ನಾಗಿ ಗೊತ್ತು. ದೊಡ್ಡವರ ಬಾಯನ್ನು ನಂಬುವುದು ಬಿಟ್ಟು ನಾನು ಕಪಾಟನ್ನು ನಂಬಿದೆ. ಬಂದ ಮರುದಿನವೇ ಅತ್ತೆ ನನಗೆ "ಅಮ್ಮ ಆಸ್ಪತ್ರೆಯಲ್ಲಿದ್ದಾಗ" ಪುಸ್ತಕ ಕೊಟ್ಟಿದ್ದಳು. ಅದರ ಪಕ್ಕದಲ್ಲೇ ತೆಳ್ಳಗೆ ಇನ್ನೊಂದಿತ್ತು. ಬೆನ್ನಿನ ಮೇಲೆ "ಅಮ್ಮ ಇಲ್ಲದಾಗ". ಅಯ್ಯೋ ಶಿವನೇ, ಬೆನ್ನಿನ ಆ ಎರಡು ಪದ ಓದಿದ ದಿನ ನನಗೆ ಅನ್ನ ಇಳಿಯಲಿಲ್ಲ. ಮುಟ್ಟಿದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂದು ಬೆರಳು ತಾಗಿಸಲೂ ಹೆದರಿಕೆ. ದಿನಾ ಬೆಳಿಗ್ಗೆ ಎದ್ದವಳೇ ಹೋಗಿ ಅದು ಕಪಾಟಿನಲ್ಲೇ ಇದೆಯಾ ಎಂದು ನೋಡುತ್ತಿದ್ದೆ. ಇದ್ದರೆ ಅವ್ವ ಇದ್ದಾಳೆ, ಆಮೇಲೆ ಹಲ್ಲುಜ್ಜುತ್ತಿದ್ದೆ.

ಒಂದು ಮಧ್ಯಾಹ್ನ ಎದುರಿನಿಂದ ಬಸಣ್ಣ "ಟೀಚರ್, ಸೊರಬದವ್ರ ಫೋನು!" ಎಂದು ಕೂಗಿದ. ಓಣಿಗೆಲ್ಲ ಅವನ ಅಂಗಡಿಯ ಫೋನೇ ಗತಿ. ಅತ್ತೆ ಓಡಿದಳು. "ಅಯ್ಯೋ... ನಾಳೆನೇನಾ... ಆಯ್ತು, ನಾ ಬರ್ತೀನಿ" ಎಂದದ್ದಷ್ಟು ನನಗೂ ಬಸಣ್ಣನಿಗೂ ಕೇಳಿತು. ವಾಪಸು ಬಂದ ಅತ್ತೆಯ ಮುಖ ಸುಣ್ಣದ ಹಾಗಿತ್ತು. ನನ್ನ ಕಡೆ ನೋಡಲಿಲ್ಲ. ನೇರ ಕಪಾಟಿಗೆ ಹೋಗಿ ಆ ತೆಳ್ಳಗಿನ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. "ಸುಮಿಗೆ" ಎಂದು ಚೀಟಿ ಬರೆದು ಅದರೊಳಗೆ ಸಿಕ್ಕಿಸಿದಳು. ಬಸ್ ಸ್ಟ್ಯಾಂಡಿಗೆ ಹೋಗಿ ಬರ್ತೀನಿ ಎಂದು ಚೀಲ ಹಿಡಿದು ಹೊರಟೇ ಹೋದಳು.

ಇನ್ನೇನು ಬೇಕಿತ್ತು? ನಾನು ಮೊದಲು ಕಿವಿಯ ಓಲೆ ಬಿಚ್ಚಿದೆ. ಜಡೆಯ ಕೆಂಪು ರಿಬ್ಬನ್ ಬಿಚ್ಚಿದೆ. ತಾಯಿ ಇಲ್ಲದ ಮಕ್ಕಳು ಹೀಗೆ ಇರಬೇಕೆಂದು ನನಗೆ ಯಾರು ಹೇಳಿದ್ದರೋ ಕಾಣೆ. ಆಮೇಲೆ ಓಣಿ ದಾಟಿ ಬಸಣ್ಣನ ಎದುರು ನಿಂತು, "ನಮ್ಮವ್ವ ಹೋದ್ಲು" ಎಂದೆ. ಅವನು ತೂಕ ಮಾಡುತ್ತಿದ್ದ ತೊಗರಿಬೇಳೆಯನ್ನು ಹಾಗೇ ಬಿಟ್ಟ. "ನಾ ಅಂದ್ಕೊಂಡೆ, ಫೋನಿನಾಗ ಟೀಚರ್ ಮಾತು ಕೇಳೇ ಅಂದ್ಕೊಂಡೆ" ಎಂದು ಒಳಗೆ ಹೆಂಡತಿಯನ್ನು ಕರೆದು, ಅಂಗಡಿಯ ಬಾಗಿಲನ್ನು ಅರ್ಧ ಎಳೆದ. ಅರ್ಧ ಎಳೆದ ಬಾಗಿಲಿನ ಅರ್ಥ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಕಾಲು ಗಂಟೆಯಲ್ಲಿ ಪಡಸಾಲೆ ತುಂಬಿತು. ಅವ್ವ ಹಬ್ಬಕ್ಕೊಮ್ಮೆ ಬಂದು ಹೋಗುತ್ತಿದ್ದವಳು, ಎಲ್ಲರಿಗೂ ಗೊತ್ತಿದ್ದವಳು. ಒಬ್ಬರು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಇನ್ನೊಬ್ಬರು "ಎಂಥಾ ಶೇಂಗಾ ಚಟ್ನಿ ಮಾಡ್ತಿದ್ಯವ್ವಾ, ಇನ್ನ ಯಾರ ಕೈಲಿ ಉಣ್ಣಲೇ" ಎಂದು ರಾಗ ತೆಗೆದರು. ಎಲ್ಲರಿಗಿಂತ ಜೋರಾಗಿ ಅತ್ತವಳು ಮೇಲಿನ ಮನೆಯ ಗಂಗಮ್ಮ. ಹಿಂದಿನ ಯುಗಾದಿಗೆ ನಲ್ಲಿ ನೀರಿನ ಸರದಿಗಾಗಿ ಅವ್ವನ ಜೊತೆ ಕೊಡ ಎತ್ತಿ ಜಗಳಾಡಿದವಳು. ಅಳು ಎಷ್ಟು ಚೆನ್ನಾಗಿ ನಡೆದಿತ್ತೆಂದರೆ, ನಾನು ನನ್ನದನ್ನು ನಿಲ್ಲಿಸಿ ಅವರದನ್ನು ನೋಡುತ್ತಾ ಕೂತೆ.

ಅಷ್ಟರಲ್ಲಿ ಮೋಸಂಬಿ ಚೀಲ ಹಿಡಿದು ಅತ್ತೆ ಬಂದಳು. ಅರ್ಧ ಮುಚ್ಚಿದ ಅಂಗಡಿ ನೋಡಿದಳು, ಬಾಗಿಲಲ್ಲಿ ಬಿಟ್ಟ ಅಷ್ಟೊಂದು ಚಪ್ಪಲಿ ನೋಡಿದಳು. ತಾನು ಹೋದ ಮೇಲೆ ಇನ್ನೊಂದು ಫೋನು ಬಂದಿದೆ ಎಂದುಕೊಂಡಳು. ಚೀಲ ಕೈಬಿಟ್ಟು ಹೊಸ್ತಿಲ ಮೇಲೇ ಕುಸಿದು, ನಾನು ಎಂದೂ ಕೇಳದಿದ್ದ ದನಿಯಲ್ಲಿ "ಹೋದ್ಲಾ?" ಎಂದಳು. ಮೋಸಂಬಿಗಳು ಪಡಸಾಲೆಯ ತುಂಬ ಉರುಳಿದವು. ಅವಳ ಅಳು ನೋಡಿ ಉಳಿದವರ ಅಳು ಇನ್ನೊಮ್ಮೆ ಏರಿತು. ಕೊನೆಗೆ ಅತ್ತೆಯೇ ಮೂಗು ಒರೆಸಿಕೊಂಡು ಕೇಳಿದಳು: "ಯಾವಾಗ ಬಂತು ಫೋನು?"

"ಫೋನೆಲ್ಲಿ ಬಂತ್ರೀ? ನಿಮಗೇ ಬಂದಿತ್ತಲ್ರೀ!" ಎಂದ ಬಸಣ್ಣ.

"ನಂಗೆ ಬಂದದ್ದು ನಾಳೆ ಆಪರೇಷನ್ ಅಂತ!"

ಮತ್ತೆ ಹೇಳಿದ್ದು ಯಾರು ಎಂದು ಎಲ್ಲರೂ ಎಲ್ಲರ ಮುಖ ನೋಡಿ, ಕೊನೆಗೆ ಬಸಣ್ಣ ನನ್ನ ಕಡೆ ಬೆರಳು ತೋರಿಸಿದ. ನಾನು ಪುಸ್ತಕದ ಕಡೆ ತೋರಿಸಿದೆ. ಅತ್ತೆ ಅದನ್ನು ಎತ್ತಿಕೊಂಡು ಬೆನ್ನು ಓದಿದಳು, ಹಣೆ ಚಚ್ಚಿಕೊಂಡಳು. ಅದು ಅಮ್ಮ ಕೆಲಸಕ್ಕೋ ಪೇಟೆಗೋ ಹೋದಾಗ ಮಕ್ಕಳು ಮನೆಯಲ್ಲಿ ಹುಷಾರಾಗಿ ಇರುವುದು ಹೇಗೆಂದು ಹೇಳುವ ಪುಸ್ತಕ. "ಮನೆಯಲ್ಲಿ ಅಮ್ಮ ಇಲ್ಲದಾಗ" ಎಂದು ಬರೆಯಲು ಹೊರಟವಳಿಗೆ ತೆಳ್ಳನೆಯ ಬೆನ್ನಿನ ಮೇಲೆ ಜಾಗ ಸಾಲದೆ ಮೊದಲಿನ ಪದ ಬಿಟ್ಟುಬಿಟ್ಟಿದ್ದಳು. ಮರುದಿನ ತಾನು ಶಿವಮೊಗ್ಗಕ್ಕೆ ಹೋದರೆ ನಾನು ಒಬ್ಬಳೇ ಇರಬೇಕಲ್ಲ ಎಂದು ತೆಗೆದಿಟ್ಟಿದ್ದು. ಅತ್ತೆ ಮೊದಲನೇ ಪುಟ ತೆರೆದು ಎಲ್ಲರಿಗೂ ಕೇಳುವ ಹಾಗೆ ಓದಿದಳು: "ಯಾರು ಬಂದು ಕರೆದರೂ ಬಾಗಿಲು ತೆರೆಯಬೇಡಿ." ಓಣಿಗೆ ಓಣಿಯೇ ಪಡಸಾಲೆಯಲ್ಲಿ ಕೂತಿತ್ತು. ಮೊದಲು ನಕ್ಕವಳು ಗಂಗಮ್ಮ. ಆಮೇಲೆ ಎಲ್ಲರೂ ಕಣ್ಣೊರೆಸುತ್ತಾ ನಕ್ಕು, ಉರುಳಿದ ಮೋಸಂಬಿಗಳನ್ನು ಆರಿಸಿ ಕೊಟ್ಟು ಮನೆಗೆ ಹೋದರು.

ಎಲ್ಲರೂ ಹೋದ ಮೇಲೆ ಅತ್ತೆ ನನ್ನ ಓಲೆ ತಿರುಗಿ ಹಾಕುತ್ತಾ, "ನೋಡು ಸುಮೀ, ನಾಳೆ ಏನಾಗ್ತದೋ ನಂಗೂ ಗೊತ್ತಿಲ್ಲ. ಡಾಕ್ಟ್ರಿಗೂ ಗೊತ್ತಿಲ್ಲ" ಎಂದಳು. ಇಪ್ಪತ್ತು ದಿನಗಳಲ್ಲಿ ನನಗೆ ಯಾರಾದರೂ ಹೇಳಿದ ಮೊದಲ ನಿಜ ಅದು. ವಿಚಿತ್ರವೆಂದರೆ ಅದನ್ನು ಕೇಳಿ ನನಗೆ ಹೊಟ್ಟೆ ಹಸಿಯಿತು. ಮರುದಿನದ ಮೊದಲ ಬಸ್ಸಿಗೆ ನನ್ನನ್ನೂ ಕರೆದುಕೊಂಡು ಹೋದಳು. ಮಕ್ಕಳನ್ನು ಒಳಗೆ ಬಿಡುವುದಿಲ್ಲವೆಂದ ವಾಚ್‌ಮನ್‌ನನ್ನು ನಾಲ್ಕನೇ ಕ್ಲಾಸಿನವರನ್ನು ಗದರುವಂತೆ ಗದರಿ ಒಳಗೆ ನುಗ್ಗಿದಳು.

ಅವ್ವ ಹಾಸಿಗೆಯಲ್ಲಿ ಅರ್ಧವಾಗಿದ್ದಳು. ನನ್ನ ಕೈ ಹಿಡಿದು ಮಲಗಿದ್ದವಳಿಗೆ ಅತ್ತೆ ಹಿಂದಿನ ದಿನದ ಕತೆ ಹೇಳಿದಳು. ಅವ್ವನ ಕಣ್ಣು ಅಗಲವಾದವು. "ಯಾರ್ ಯಾರ್ ಅತ್ರು? ಸರಿಯಾಗಿ ಹೇಳೇ" ಎಂದು ನನ್ನನ್ನು ಕೇಳಿದಳು. ನಾನು ಒಬ್ಬೊಬ್ಬರ ಹೆಸರೂ ಹೇಳಿದೆ. "ಗಂಗಮ್ಮಾನೂವಾ?" "ಅವ್ಳೇ ಜಾಸ್ತಿ." ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು, ನೋವಿಗೆ ಮುಖ ಕಿವುಚಿ ಮತ್ತೆ ನಕ್ಕಳು, ನರ್ಸಮ್ಮ ಬಂದು ಬೈಯುವ ತನಕ ನಕ್ಕಳು. ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಹೊರಟಾಗ, "ಅಷ್ಟ್ ಜನ ಅತ್ತಾದ ಮೇಲೆ ಈಗ ಸಾಯೋಕೂ ನಾಚ್ಕೆ ಆಗ್ತದೆ ಗಿರಿಜಕ್ಕಾ" ಎಂದಳು. ಬಾಗಿಲು ಮುಚ್ಚಿತು. ಅತ್ತೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳು ಜೋಮು ಹಿಡಿದವು. ಹೊತ್ತು ಇಳಿದ ಮೇಲೆ ಡಾಕ್ಟರು ಬಂದು, ಗಂಡಾಂತರ ಕಳೆಯಿತು ಎಂದರು.

ಅವ್ವ ಬದುಕಿದಳು, ಇವತ್ತಿಗೂ ನನ್ನ ಜೊತೆ ಸೊರಬದಲ್ಲಿ ಇದ್ದಾಳೆ. ಆದರೆ ಅವತ್ತು ಅವಳಿಗಾಗಿ ಅತ್ತವರು ಒಬ್ಬೊಬ್ಬರಾಗಿ ಹೋದರು. ಯಾರ ಸುದ್ದಿ ಬಂದರೂ ಅವ್ವ ಮೊಣಕಾಲು ನೋವು ಲೆಕ್ಕಿಸದೆ ಬಸ್ಸು ಹತ್ತುತ್ತಿದ್ದಳು. ಬಸಣ್ಣನ ಮಣ್ಣಿಗೆ ಹೋದಳು, ಗಂಗಮ್ಮನ ಮಣ್ಣಿಗೆ ಹೋಗಿ ಅವಳ ಮಗಳಿಗಿಂತ ಹೆಚ್ಚು ಅತ್ತು ಬಂದಳು. ಓಣಿಯ ಮನೆಗಳು ಮಾರಿಹೋದವು, ಮಕ್ಕಳು ಹೊಸ ಲೇಔಟುಗಳಲ್ಲಿ ಮನೆ ಕಟ್ಟಿದರು. ಅತ್ತೆಯ ಪುಸ್ತಕಗಳು ಒಯ್ದವರ ಮನೆಗಳಲ್ಲೇ ಉಳಿದವು. ಕಷ್ಟ ಬಂದವರು ಫೋನಿನಲ್ಲಿ ಹುಡುಕಿಕೊಳ್ಳುವುದು ಕಲಿತರು. ಕೊನೆಯ ವರ್ಷಗಳಲ್ಲಿ ಅತ್ತೆಯ ಬಾಗಿಲಿಗೆ ಸಂಕಷ್ಟಿಯ ಹೆಂಗಸರೂ ಬರುತ್ತಿರಲಿಲ್ಲ.

ಹೋದ ವರ್ಷ ಅತ್ತೆ ತೀರಿಕೊಂಡಾಗ ನಾವು ಹೋಗಿ ಮುಟ್ಟುವುದರೊಳಗೆ ಅವಳಿಗೆ ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಎದುರಿಗೆ ಬಸಣ್ಣನ ಕಿರಾಣಿಯ ಜಾಗದಲ್ಲಿ ಬಂದಿದ್ದ ಮೊಬೈಲ್ ಅಂಗಡಿ ಪೂರ್ತಿ ತೆರೆದೇ ಇತ್ತು. ಅವರಿಗೆ ಅವಳು ಯಾರೆಂದೇ ಗೊತ್ತಿರಲಿಲ್ಲ. ಒಳಗೆ ನಮ್ಮನ್ನೂ ಸೇರಿಸಿ ಆರು ಜನ. ಅವ್ವ ನನ್ನ ಭುಜ ಹಿಡಿದು ನಿಂತು ಸುತ್ತ ನೋಡಿದಳು. "ಸಾಯದೇ ಇದ್ದ ನಂಗೆ ಓಣಿಗೆ ಓಣೀನೇ ಅತ್ತಿತ್ತಲ್ಲೇ ಸುಮೀ" ಎಂದಳು. "ಗಿರಿಜಕ್ಕಂಗೆ ಆರೇ ಜನಾನಾ?" ಆಮೇಲೆ ಕಷ್ಟಪಟ್ಟು ನೆಲಕ್ಕೆ ಕೂತು, ಸೆರಗು ಸರಿಮಾಡಿಕೊಂಡು, ಅತ್ತೆಯ ಒಂದೊಂದೇ ಗುಣ ಹೆಸರಿಸುತ್ತಾ ರಾಗ ತೆಗೆದು ಅಳತೊಡಗಿದಳು. ಬೇಳೆ ತೂಗುವುದು ಬಿಟ್ಟು ಬಂದ ಬಸಣ್ಣನ ಬದಲಿಗೆ, ಕೊಡ ಎತ್ತಿದ ಗಂಗಮ್ಮನ ಬದಲಿಗೆ, ಇಲ್ಲದವರೆಲ್ಲರ ಬದಲಿಗೆ ಒಬ್ಬಳೇ ಅತ್ತಳು. ಸಾಕು ಬಿಡವ್ವಾ, ಉಸಿರು ಕಟ್ಟೀತು ಎಂದು ನಾನು ಬೆನ್ನು ಸವರಿದರೆ ನನ್ನ ಕೈ ತಳ್ಳಿದಳು. ಎದುರಿನ ಅಂಗಡಿಯವರು ಹೊರಗೆ ಬಂದು ನಿಂತು ನೋಡಿದರು.