ಗಾಜಿನ ಮೇಲಿನ ವಿಭೂತಿ

ಸಿಂದಗಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ತುಂಡಿಗೆ ನ್ಯಾನೊ ಕಣಗಳ ತೆಳು ಲೇಪ ಕೊಟ್ಟು ಮಾಹಿತಿ ಬರೆದಿಡುವ ಒಂದು ಮೆಮೊರಿ ಮಾಡಿದ್ದೆ. ಕರೆಂಟ್ ತೆಗೆದರೂ ಬರೆದದ್ದು ಅದರಲ್ಲಿ ಹದಿನೈದು ದಿನ ಉಳಿಯುತ್ತದೆಯೇ ಎಂದು ನೋಡಬೇಕಿತ್ತು. ದಸರೆಯಲ್ಲಿ ಉಪಕರಣಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ರಜೆ ಮುಗಿಸಿ ಬಂದರೆ ಆ ಲೇಪದ ಮೇಲೆಯೇ ಮೂರೆಳೆ ವಿಭೂತಿ, ನಡುವೆ ಕುಂಕುಮ.

"ಯಾರು ಹಚ್ಚಿದ್ದು ಇದನ್ನ?" ಎಂದು ಕೂಗಾಡಿದೆ.

"ನಾನ್ರಿ," ಅಂದಳು ಲ್ಯಾಬ್ ಗುಡಿಸುವ ಶಾಂತವ್ವ. "ತಕ್ಕಡಿ, ಒಲಿ, ಎಲ್ಲಾದಕ್ಕೂ ಹಚ್ಚೇನ್ರಿ. ನೀವು ಇಷ್ಟ ಜೀವಾ ತೇಯ್ದು ಮಾಡಿದ್ದನ್ನ ಹ್ಯಾಂಗ ಬಿಡ್ಲಿರಿ?"

ಗಾಜನ್ನು ಪರೀಕ್ಷಿಸಿದೆ. ಬರೆದದ್ದೆಲ್ಲ ಅಳಿಸಿಹೋಗಿತ್ತು.

ಈಗ ಪ್ರತಿ ದಸರೆಗೆ ಎರಡು ಗಾಜು ಮಾಡುತ್ತೇನೆ. ಒಂದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ. ಇನ್ನೊಂದನ್ನು ಶಾಂತವ್ವನ ಕೈಗೆ ಸಿಗುವಂತೆ ಮೇಜಿನ ಮೇಲೇ ಬಿಡುತ್ತೇನೆ.