ಅಪ್ಪನ ಗಾಂಧಾರ, ಅಕ್ಕನ ಕಿವಿ

ನನ್ನ ತಮ್ಮನಿಗೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಒಂದು ವರ್ಷ ಹೇಳಲಿಲ್ಲ. ಅವನು ನನ್ನನ್ನು ಹೊಗಳುವಾಗ ದೊಡ್ಡ ಮನುಷ್ಯರ ಹಾಗೆ ತಲೆಯಾಡಿಸುತ್ತಾ ಕೂತಿದ್ದೆ.

ನನ್ನ ಕಸುಬು ಮೊದಲು ಹೇಳಿಬಿಡುತ್ತೇನೆ. ಬೆಳ್ತಂಗಡಿಯಲ್ಲಿ ಹಾರ್ಮೋನಿಯಂ ರಿಪೇರಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಪಕ್ಕ ಕೂತವಳು ನಾನು. ತಮ್ಮ ದಿವಾಕರ ಓದಿದ. ಈಗ ಮೂಡುಬಿದಿರೆಯಲ್ಲಿ ಲೆಕ್ಚರರ್, ಜೊತೆಗೆ ಪಿಎಚ್‌ಡಿ. ವಿಷಯ ಏನು ಗೊತ್ತೇ? ಹಾರ್ಮೋನಿಯಂ ಶ್ರುತಿ ಮಾಡುವುದನ್ನು ಕಂಪ್ಯೂಟರಿಗೆ ಕಲಿಸುವುದು! (ನನ್ನ ಅನ್ನಕ್ಕೆ ಕಲ್ಲು ಹಾಕಲು ಮನೆಯವನೇ ಆಗಬೇಕಿತ್ತಾ ಎಂದು ನಕ್ಕಿದ್ದೆ.)

"ಮಿಷಿನ್ ಹನ್ನೆರಡು ಸ್ವರವನ್ನೂ ಸಮಪಾಲು ಮಾಡಿ ಇಡ್ತದೆ ಅಕ್ಕ. ಕಿವಿಯಲ್ಲಿ ಶ್ರುತಿ ಮಾಡುವವರ ಗಾಂಧಾರ ಅದಕ್ಕಿಂತ ಚೂರು ತಗ್ಗಿ ಇರ್ತದೆ. ಹಾಡಿಗೆ ಅದೇ ಚಂದ. ನಾವು ಕಂಪ್ಯೂಟರಿಗೆ ನಿನ್ನ ಕಿವಿ ಕಲಿಸುವ" ಎಂದ.

ನನ್ನ ಕಿವಿ! "ಅಪ್ಪನ ಕಿವಿ ಮಗಳಿಗೆ ಬಂದಿದೆ" ಎಂದು ಊರೆಲ್ಲ ಹೇಳುತ್ತದೆ. ನನ್ನ ಹತ್ತಿರ ಇರುವ ಮಾರ್ಕ್ಸ್ ಕಾರ್ಡ್ ಅದೊಂದೇ.

ಅಪ್ಪನ ಕ್ರಮ ಸರಳ. ಎರಡು ಸ್ವರ ಒಟ್ಟಿಗೆ ಒತ್ತುವುದು. ಒಂದಕ್ಕೊಂದು ಹೊಂದದಿದ್ದರೆ ನಾದದಲ್ಲಿ ಒಂದು ನಡುಕ ಬರುತ್ತದೆ. ಒಳಗೆ ನಾದ ಹೊರಡಿಸುವ ಹಿತ್ತಾಳೆ ರೀಡನ್ನು ಚೂರೇ ಚೂರು ಕೆರೆದು ಆ ನಡುಕ ನಿಲ್ಲಿಸಬೇಕು.

ಎರಡು ವರ್ಷದಿಂದ ನನಗೆ ಆ ನಡುಕ ಕೇಳಿಸುತ್ತಿಲ್ಲ.

ಯಾರಿಗೆ ಹೇಳಲಿ? ಕಣ್ಣು ಮಂಜಾದ ಟೈಲರ್ ಕನ್ನಡಕ ಹಾಕಿ ಹೊಲಿಯುತ್ತಾನೆ. ಕಿವಿ ಮಂದವಾದವಳ ಹತ್ತಿರ ಹಾರ್ಮೋನಿಯಂ ಯಾರು ತರುತ್ತಾರೆ? ಮೊಬೈಲಿಗೆ ಶ್ರುತಿ ತೋರಿಸುವ ಒಂದು ಟ್ಯೂನರ್ ಆ್ಯಪ್ ಹಾಕಿಕೊಂಡೆ. ಸ್ವರ ಒತ್ತಿದರೆ ಮುಳ್ಳು ಓಡುತ್ತದೆ. ಮಧ್ಯಕ್ಕೆ ಬಂದರೆ ಹಸಿರು. ಕೆಲಸ ಮುಗಿಯಿತು. ಹಾರ್ಮೋನಿಯಂ ಒಯ್ದ ಭಜನೆಯವರೊಬ್ಬರು, "ಪೆಟ್ಟಿಗೆ ಸರಿ ಉಂಟು ಅಕ್ಕೆರೆ, ಆದರೆ ಹಾಡುವಾಗ ಗಂಟಲು ಯಾಕೋ ಅದಕ್ಕೆ ಕೂರುದಿಲ್ಲ" ಎಂದರು. ಗಂಟಲಿಗೆ ಕಷಾಯ ಕುಡಿಯಿರಿ ಎಂದೆ!

ದಿವಾಕರ ಮೂರು ಭಾನುವಾರ ಮೂರು ಪೆಟ್ಟಿಗೆ ತಂದ. ಪ್ರತಿ ಸಲವೂ, "ಎದುರು ಕೂತರೆ ನನ್ನ ಕೈ ಓಡುದಿಲ್ಲ. ಮುಂಡಾಜೆಗೆ ಹೋಗಿ ಅತ್ತೆಯನ್ನಾದರೂ ಮಾತಾಡಿಸಿ ಬಾ ಮಾರಾಯ" ಎಂದು ಅವನನ್ನು ಕಳಿಸಿಬಿಟ್ಟೆ. (ಅಪ್ಪನೂ ಹೀಗೇ ಜನರನ್ನು ಹೊರಗೆ ಕಳಿಸುತ್ತಿದ್ದರು. ಅವರಿಗೆ ಮೌನ ಬೇಕಿತ್ತು, ನನಗೆ ಮರೆ ಬೇಕಿತ್ತು.) ಬಸ್ಸು ಹೊರಟ ಮೇಲೆ ಫೋನು ತೆಗೆದೆ. ಅವನು ವಾಪಸು ಬಂದು ಸ್ವರಗಳನ್ನೆಲ್ಲ ರೆಕಾರ್ಡ್ ಮಾಡಿಕೊಂಡು, "ಅಕ್ಕನ ಕಿವಿ" ಎಂದು ಹೆಸರು ಬರೆದುಕೊಂಡ.

ಕಳೆದ ಭಾನುವಾರ ಅವನ ಮುಖ ಬಾಡಿತ್ತು. ಕೈಯಲ್ಲಿ ಒಂದು ಹಳೆಯ ಪೆಟ್ಟಿಗೆ. ಬಂಟ್ವಾಳದ ಕಡೆಯ ಭಜನಾ ಮಂದಿರದ್ದು. ಅಪ್ಪ ಕೊನೆಯದಾಗಿ ಶ್ರುತಿ ಮಾಡಿದ್ದು. ಆಮೇಲೆ ಯಾರೂ ಮುಟ್ಟಿಲ್ಲ.

"ನಿನ್ನ ಮೂರೂ ಪೆಟ್ಟಿಗೆ ಮಿಷಿನಿನ ಹಾಗೇ ಉಂಟು ಅಕ್ಕ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅಪ್ಪನ ಗಾಂಧಾರ ಮಾತ್ರ ತಗ್ಗಿ ಉಂಟು. ನಾನು ಅಂದುಕೊಂಡದ್ದೇ ತಪ್ಪು ಅಂತಾರೆ ನಮ್ಮ ಗೈಡು."

"ಈಗ ಏನು ಮಾಡ್ತೀ?"

"ನಿನ್ನ ಕಿವಿ ತಪ್ಪುದಿಲ್ಲ. ಹಾಗಾದರೆ ಅಪ್ಪನ ಕಿವಿಯೇ ತಪ್ಪಿದ್ದು ಅಂತ ಬರಿತೇನೆ. ಬೇರೆ ದಾರಿ ಇಲ್ಲ."

ಅಪ್ಪನ ಕಿವಿ ತಪ್ಪಿತ್ತಂತೆ! ರೀಡು ಕೆರೆಯುವ ಅರವನ್ನು ಕೆಳಗಿಟ್ಟೆ.

ಫೋನು ತೆಗೆದು ಅವನ ಮುಂದಿಟ್ಟೆ. ಹಸಿರು ದೀಪ ತೋರಿಸಿದೆ. "ಇದನ್ನು ನೋಡಿಯೇ ಶ್ರುತಿ ಮಾಡಿದ್ದು" ಎಂದೆ.

"ಮೂರೂ ಪೆಟ್ಟಿಗೆಯಾ?"

"ಮೂರೂ."

"ಹಾಗಾದರೆ ಒಂದು ವರ್ಷ ನಾನು ನಿನ್ನ ಫೋನಿನ ಮೇಲೆ ಸಂಶೋಧನೆ ಮಾಡಿದ್ದಾ?"

ಬೇರೆ ದಿನವಾದರೆ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದೆವು. ಅವನು ಅಪ್ಪನ ಪೆಟ್ಟಿಗೆ ತೆರೆದು ಗಾಳಿ ಹಾಕಿ ಷಡ್ಜ, ಗಾಂಧಾರ ಒಟ್ಟಿಗೆ ಒತ್ತಿದ.

"ಇದರಲ್ಲಿ ನಡುಕ ಉಂಟಾ ಅಕ್ಕ?"

"ಉಂಟೋ ಇಲ್ಲವೋ, ನನಗೆ ಗೊತ್ತಾಗುದಿಲ್ಲ ದಿವಾ."

ಅವನೇ ಬಗ್ಗಿ, ಕಿವಿಯಿಟ್ಟು, ಕಣ್ಣು ಮುಚ್ಚಿ ಕೇಳಿದ. "ಇಲ್ಲ" ಎಂದ. "ಒಂಚೂರೂ ಇಲ್ಲ."

ಅಪ್ಪನ ಕಿವಿ ಯಾರಿಗೆ ಬಂದಿದೆ ಎಂದು ನನಗೆ ಆಗ ತಿಳಿಯಿತು. ಅವನನ್ನೇ ಅಲ್ಲವೇ ನಾನು ಮೂರು ಸಲ ಮುಂಡಾಜೆಗೆ ಅಟ್ಟಿದ್ದು?

ನಮ್ಮಲ್ಲಿ ಅಕ್ಕಂದಿರು ಕಿರಿಯರ ಹತ್ತಿರ ಕ್ಷಮೆ ಕೇಳುವ ರೂಢಿ ಇಲ್ಲ. ತಟ್ಟೆಗೆ ಇನ್ನೊಂದು ಮೀನಿನ ತುಂಡು ಹಾಕುತ್ತೇವೆ, ಅಷ್ಟೇ. ಅವತ್ತು ಅದು ಸಾಲದು ಅನ್ನಿಸಿತು. ಬಾಯಿ ಬಿಟ್ಟು ಹೇಳಿದೆ, ಮೊದಲ ಮಾತು ನಮ್ಮ ತುಳುವಿನಲ್ಲೇ:

"ತಪ್ಪಾಂಡ್ ದಿವಾ, ತಪ್ಪಾಯಿತು. ಅಪ್ಪನ ಗಾಂಧಾರ ಅಲ್ಲ, ತಪ್ಪಿದ್ದು ನಾನು."