ಬೋಗಿಯ ಕೆಂಪು

ರೈಲೇ ಇಲ್ಲದ ಕೊಡಗಿನಲ್ಲಿ, ಮಾದಾಪುರದ ನಮ್ಮ ಮನೆಯ ಷೋಕೇಸಿನೊಳಗೆ ಒಂದು ರೈಲು ಬೋಗಿ ಇದೆ. ಮರದ್ದು, ಗೇಣುದ್ದ. ಮೈಸೂರಿನಲ್ಲಿ ರೈಲ್ವೆ ಕೆಲಸದಲ್ಲಿದ್ದ ನನ್ನ ಹೆಂಡತಿಯ ತಮ್ಮ ಒಂದು ಮಳೆಗಾಲ ನಮ್ಮಲ್ಲಿ ಬಂದು ಉಳಿದಾಗ ಕೆತ್ತಿ, ಕೆಂಪು ಬಳಿದು ಅಕ್ಕನಿಗೆ ಕೊಟ್ಟದ್ದು. ಅವನು ತೀರಿಕೊಂಡು ಎರಡು ವರ್ಷವಾಯಿತು. ಅವನ ಕೈಯಿಂದಾದದ್ದು ಎಂದು ಅವಳಿಗೆ ಉಳಿದಿರುವುದು ಅದೊಂದೇ.

ಕಳೆದ ಜುಲೈಯಲ್ಲಿ ಅವಳು ನಾಟಿಗೆಂದು ಬಾಳೆಲೆ ಊರಿನ ತವರಿಗೆ ಹೋದಳು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಧೂಳು ಒರೆಸಲು ಹೋಗಿ ಬೋಗಿಯನ್ನು ಬೀಳಿಸಿದೆ. ಒಂದು ಬದಿಯಲ್ಲಿ ಹೆಬ್ಬೆರಳಗಲ ಬಣ್ಣ ಎದ್ದುಹೋಯಿತು. ಅವಳು ಬರುವುದು ಭಾನುವಾರ. ಅಷ್ಟರೊಳಗೆ ಗೊತ್ತೇ ಆಗದಂತೆ ಸರಿಮಾಡಬೇಕಿತ್ತು.

ಸೋಮವಾರಪೇಟೆಯ ಪೇಂಟ್ ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿ, "ಇದು ಯಾವ ಡಬ್ಬಿ ಕೆಂಪೂ ಅಲ್ಲ ಸಾರ್, ಒಂಚೂರು ಬ್ರೌನ್ ಹಾಕಿ ನೋಡಿ" ಎಂದ. ಹಾಕಿದೆ, ಇಟ್ಟಿಗೆಯಾಯಿತು. ಕಪ್ಪು ಹಾಕಿದೆ, ಸತ್ತ ಬಣ್ಣವಾಯಿತು. ರಟ್ಟಿನ ಚೂರಿನ ಮೇಲೆ ಬಳಿಯುವುದು, ಕಿಟಕಿಗೆ ಓಡುವುದು, ಮಂಜಿನ ಬೆಳಕನ್ನು ಬೈಯುವುದು, ಮತ್ತೆ ಬೆರೆಸುವುದು. ಎಸ್ಟೇಟ್ ಆಫೀಸಿನಲ್ಲಿ ಕೂತಾಗಲೂ ತಲೆಯಲ್ಲಿ ಅದೇ ಕೆಂಪು. ಶನಿವಾರ ತಾಳ್ಮೆ ಕೆಟ್ಟು, ಇದ್ದುದರಲ್ಲಿ ಹತ್ತಿರದ್ದನ್ನು ಬಳಿದೇಬಿಟ್ಟೆ. ತೇಪೆ ಕಣ್ಣಿಗೆ ರಾಚುತ್ತಿತ್ತು. ಸಾಲದ್ದಕ್ಕೆ ಒಣಗಲೂ ಒಲ್ಲದು. ಮಳೆಗಾಲದಲ್ಲಿ ನಮ್ಮಲ್ಲಿ ಸಾಕ್ಸಿನಿಂದ ಹಿಡಿದು ಎಲ್ಲವೂ ಒಣಗುವುದು ಸೌದೆ ಒಲೆಯ ಮೇಲಿನ ಬಿದಿರಿನ ಅಟ್ಟದಲ್ಲಿ. ಹಿಂದೆಮುಂದೆ ಯೋಚಿಸದೆ ಬೋಗಿಯನ್ನೂ ಅಲ್ಲೇ ಇಟ್ಟೆ.

ಭಾನುವಾರ ಬೆಳಿಗ್ಗೆ ಇಳಿಸಿದರೆ ಮೈಯೆಲ್ಲ ಮಸಿ. ಬಟ್ಟೆ ತಂದು ಒರೆಸಲು ಕೂತೆ. ಹಳೆಯ ಬಣ್ಣದ ಮೇಲಿನ ಮಸಿ ಬಟ್ಟೆಗೆ ಬಂತು, ನಾನು ಬಳಿದ ಹಸಿ ಬಣ್ಣ ಮಾತ್ರ ಹೊಗೆಯನ್ನು ಕುಡಿದುಬಿಟ್ಟಿತ್ತು. ಒರೆಸುತ್ತಿರುವಾಗಲೇ ಅವಳು ಬಾಗಿಲಲ್ಲಿ. ಬಿದ್ದದ್ದು, ಬಳಿದದ್ದು, ಒಲೆ, ಎಲ್ಲ ಒದರಿದೆ.

ಅವಳು ಬೈಯಲಿಲ್ಲ. "ಅವನೂ ಒಲೆ ಮೇಲೇ ಇಟ್ಟಿದ್ದ. ನೀವು ಆಫೀಸಿಗೆ ಹೋಗಿದ್ರಿ. ಹೊಗೆ ಹಿಡ್ದು ಕಲರ್ ಹೋಯ್ತು ಅಂತ ಎಷ್ಟು ಬೇಜಾರು ಮಾಡ್ಕೊಂಡಿದ್ದ ಗೊತ್ತಾ?"

ಯಾವ ಡಬ್ಬಿಯಲ್ಲೂ ಆ ಕೆಂಪು ಏಕೆ ಸಿಗಲಿಲ್ಲವೆಂದು ಆಗ ಹೊಳೆಯಿತು. ಬೋಗಿಯನ್ನು ಅಂಗಳದ ಬೆಳಕಿಗೆ ಹಿಡಿದೆ. ತೇಪೆಯ ಗುರುತೇ ಇಲ್ಲ. ಗೆದ್ದವನಂತೆ ನಕ್ಕೆ.

"ಎಲ್ಲಿ ಎದ್ದುಹೋಗಿತ್ತು, ತೋರ್ಸಿ."

ಈ ಬದಿ ಎಂದೆ. ಜಾಗ ನನಗೇ ಸಿಗಲಿಲ್ಲ. ಅವಳು ಬೋಗಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಬೆರಳಾಡಿಸಿದಳು.

"ಹಾಗಾದ್ರೆ ಅವನು ಬಳ್ದಿದ್ದು ಯಾವ್ದು ಅಂತ ಇನ್ನು ನಂಗೆ ಹೇಗೆ ಗೊತ್ತಾಗ್ತದೆ?" ಎಂದಳು.